ಕೋಲುನೆಗೆತವೂ ನಮ್ಮ ಕರ್ತವ್ಯವೂ

ಬೆಂಗಳೂರಿನಿಂದ ಕನಕಪುರದ ಕಡೆಗೆ ಹೋಗುವ ರಸ್ತೆಯಲ್ಲಿರುವ ತಲಘಟ್ಟಪುರವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಹಿಂದೆ ನಗರದ ಹೊರಗಿನ ಹಳ್ಳಿಯಾಗಿದ್ದ ಈ ಸ್ಥಳಕ್ಕೆ ೨೦೨೧ರ ಜನವರಿಯಲ್ಲಿ ಮೆಟ್ರೋ ರೈಲು ಬಂದಿತು. ಅಲ್ಲಿ ಈಗ ಹಗಲೆಲ್ಲ ಮನೆ ಮಳಿಗೆಗಳನ್ನು ಕಟ್ಟುವ ಕೆಲಸ ನಡೆಯುತ್ತಿರುತ್ತದೆ. ಆ ಕೆಲಸಕ್ಕಾಗಿ ಸಾರುವೆಯ ಗಳಗಳನ್ನು ಹೇರಿಕೊಂಡು ಹೋಗುವ ಲಾರಿಗಳನ್ನು ನಾವು ಆ ರಸ್ತೆಯಲ್ಲಿ ಕಂಡಿದ್ದೇವೆ. ಗಳಗಳು ಲಾರಿಯ ಹಿಂದಕ್ಕೆ ಮಾರುದ್ದ ಚಾಚಿಕೊಂಡಿರುತ್ತವೆ. ಅವುಗಳ ತುದಿಗೆ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿರುತ್ತಾರೆ. ಹಿಂದೆ ಬರುವವರು ಆ ಚೂರನ್ನು ನೋಡಿ ತಾವೇ ದೂರ ಸರಿಯುತ್ತಾರೆ. ಮನೆ ಕಟ್ಟಬೇಕಾದರೆ ಗಳ ಬೇಕು, ಗಳವು ಉದ್ದವಾಗಿಯೇ ಇರಬೇಕು ಎಂಬುದನ್ನು ಲೋಕವೆಲ್ಲ ಒಪ್ಪಿಕೊಂಡಿದೆ. ಆದುದರಿಂದ ಅದಕ್ಕೆ ದಾರಿಯೂ ದೊರೆತಿದೆ.

ಇದಕ್ಕೆ ತದ್ವಿರುದ್ಧವಾದ ಸಂಗತಿಯೊಂದು ೨೦೨೬ರ ಜನವರಿಯಲ್ಲಿ ನಡೆಯಿತು. ನಮ್ಮ ದಕ್ಷಿಣ ಕನ್ನಡದ ಮೂಡುಬಿದಿರೆಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆದಿತ್ತು. ಅದರಲ್ಲಿ ಭಾಗವಹಿಸಿ ಭೋಪಾಲಕ್ಕೆ ಹಿಂದಿರುಗುತ್ತಿದ್ದ ದೇವ್ ಮೀನಾ ಮತ್ತು ಕುಲದೀಪ್ ಯಾದವ್ ಎಂಬ ಇಬ್ಬರು ತರುಣರನ್ನು, ಅವರ ಬಳಿಯಿದ್ದ ಉದ್ದನೆಯ ಕೋಲುಗಳ ಕಾರಣದಿಂದ, ಪನವೇಲ್ ನಿಲ್ದಾಣದಲ್ಲಿ ರೈಲಿನಿಂದ ಇಳಿಸಲಾಯಿತು. ಗಂಟೆಗಟ್ಟಲೆ ಕಾದು, ದಂಡ ತೆತ್ತು, ಅವರು ಮುಂದಿನ ಪ್ರಯಾಣ ಮಾಡಬೇಕಾಯಿತು. ಈ ದೇವ್ ಮೀನಾ ಅವರು ಆ ಕೋಲಿನ ಆಟದಲ್ಲಿ ಭಾರತದ ದಾಖಲೆಯನ್ನೇ ಮುರಿದು ಮೇಲೇರಿದವರು! ಮನೆ ಕಟ್ಟುವ ಗಳಕ್ಕೆ ಇರುವ ದಾರಿ ನಾಡಿನ ಕೀರ್ತಿಯನ್ನು ಎತ್ತುವ ಕೋಲಿಗೆ ಇಲ್ಲವಾಯಿತು. ಬಿದಿರಿನ ಹೆಸರನ್ನೇ ಹೊತ್ತ ಊರಿನಿಂದ ಹೊರಟ ಕೋಲಿಗೆ ಈ ಗತಿಯಾದುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು.

ನಿಯಮದ ಪುಸ್ತಕವನ್ನು ಕೈಯಲ್ಲಿ ಹಿಡಿದು ಕೆಲಸಮಾಡಿದ ನೌಕರರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಇಕ್ಕಟ್ಟಾದ ಡಬ್ಬಿಯಲ್ಲಿ ಮೂರಾಳುದ್ದದ ಕೋಲು ಇದ್ದರೆ ಇತರ ಪ್ರಯಾಣಿಕರಿಗೆ ತೊಂದರೆಯಾದೀತೆಂಬ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಇಂಥ ಕೋಲು ಹೇಗೆ ಪ್ರಯಾಣಮಾಡಬೇಕೆಂದು ಮುಂಚಿತವಾಗಿ ಯೋಚಿಸಿ, ಅದನ್ನು ಕ್ರೀಡಾಪಟುವಿಗೂ ನಿಲ್ದಾಣದ ನೌಕರನಿಗೂ ಒಂದೇ ರೀತಿ ತಿಳಿಯುವಂತೆ ಮಾಡುವುದು ಯಾರ ಕೆಲಸ? ಈ ಪ್ರಶ್ನೆಯನ್ನೇ ನಮ್ಮ ವಾಚಕರ ಮುಂದೆ, ವಿಶೇಷವಾಗಿ ಅಧಿಕಾರದ ಸ್ಥಾನಗಳಲ್ಲಿರುವ ಮಹನೀಯರ ಮುಂದೆ, ಇಡಲು ನಾವು ಅಪೇಕ್ಷಿಸುತ್ತೇವೆ.

ಪೋಲ್ ವಾಲ್ಟ್ ಎಂದು ಕರೆಯುವ ಈ ಆಟವನ್ನು ಕನ್ನಡದಲ್ಲಿ ಕೋಲುನೆಗೆತವೆನ್ನಬಹುದು. ಇದರ ಸ್ವರೂಪವನ್ನು ಅರಿಯದವರಿಗಾಗಿ ನಾಲ್ಕು ಮಾತು. ಆಟಗಾರನು ಉದ್ದವಾದ ಕೋಲನ್ನು ಎರಡೂ ಕೈಗಳಲ್ಲಿ ಹಿಡಿದು ಸುಮಾರು ನಲವತ್ತು ಮೀಟರಿನಷ್ಟು ದೂರ ರಭಸದಿಂದ ಓಡಿಬರುತ್ತಾನೆ. ಓಟದ ಕೊನೆಯಲ್ಲಿ, ನೆಲದ ಮಟ್ಟಕ್ಕಿಂತ ೨೦ ಸೆಂಟಿಮೀಟರ್ ಆಳವಾದ ಒಂದು ಗುಂಡಿಗೆ ಕೋಲಿನ ತುದಿಯನ್ನು ಊರುತ್ತಾನೆ. ಓಟದ ವೇಗವೆಲ್ಲ ಕೋಲನ್ನು ಬಿಲ್ಲಿನಂತೆ ಬಾಗಿಸುತ್ತದೆ. ಬಾಗಿದ ಕೋಲು ನೆಟ್ಟಗಾಗುವಾಗ ಆಟಗಾರನನ್ನು ಮೇಲಕ್ಕೆ ಎಸೆಯುತ್ತದೆ. ಅವನು ಕಾಲು ಮೇಲಾಗಿ ಏರಿ, ಅಡ್ಡಪಟ್ಟಿಯ ಮೇಲೆ ಮೈಯನ್ನು ಹೊರಳಿಸಿ, ಕೋಲನ್ನು ಹಿಂದಕ್ಕೆ ನೂಕಿ, ಆಚೆಯ ಮೆತ್ತೆಯ ಮೇಲೆ ಬೀಳುತ್ತಾನೆ. ಒಂದೇ ಎತ್ತರದಲ್ಲಾಗಲಿ ಬೇರೆ ಬೇರೆ ಎತ್ತರಗಳಲ್ಲಾಗಲಿ ಒಂದರ ಹಿಂದೊಂದು ಮೂರು ಸಲ ತಪ್ಪಿದವನು ಕಣದಿಂದ ಹೊರಗೆ. ಬೇಕಾದರೆ ಒಂದು ಎತ್ತರವನ್ನು ಬಿಟ್ಟು ಮುಂದಿನದಕ್ಕೆ ಕಾಯಲೂಬಹುದು. ಇಬ್ಬರು ಒಂದೇ ಎತ್ತರದಲ್ಲಿ ನಿಂತರೆ, ಆ ಎತ್ತರವನ್ನು ಕಡಮೆ ತಪ್ಪುಗಳಿಂದ ದಾಟಿದವನು ಮೇಲು.

ಗಣಿತದ ದೃಷ್ಟಿಯಿಂದ ನೋಡಿದರೆ ಈ ಆಟದ ಗುಟ್ಟು ಸರಳವಾದುದು. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಓಡುವವನ ವೇಗವನ್ನೆಲ್ಲ ಎತ್ತರವನ್ನಾಗಿ ಮಾರ್ಪಡಿಸಬಹುದಾದರೆ ಅದು ಸುಮಾರು ಐದು ಮೀಟರ್ ಆಗುತ್ತದೆ. ಅದಕ್ಕೆ ನಿಂತ ಮನುಷ್ಯನ ದೇಹದ ತೂಕದ ಕೇಂದ್ರವಿರುವ ಒಂದು ಮೀಟರನ್ನೂ, ತೋಳುಗಳ ನೂಕನ್ನೂ ಕೂಡಿಸಿಕೊಳ್ಳಬೇಕು. ಓಟವು ತರುಣನದು, ಧೈರ್ಯವು ತರುಣನದು. ಆದರೆ ಓಟವನ್ನು ಎತ್ತರಕ್ಕೆ ಮಾರ್ಪಡಿಸುವ ಸಾಧನವು ಕೋಲು. ಆ ಕೋಲು ಅವನ ತೂಕಕ್ಕೂ ವೇಗಕ್ಕೂ ಹೊಂದಿಕೆಯಾಗಿರಬೇಕು. ಹೆಚ್ಚು ಬಿರುಸಾದರೆ ಅವನನ್ನು ಹಿಂದಕ್ಕೆ ತಳ್ಳುತ್ತದೆ. ಹೆಚ್ಚು ಮೆದುವಾದರೆ ಅವನನ್ನು ಮೇಲಕ್ಕೆ ಎಸೆಯಲಾರದು. ಆದುದರಿಂದ ನುರಿತ ಆಟಗಾರನು ಒಂದು ಕೋಲಿನಿಂದ ತೃಪ್ತನಾಗಲಾರನು. ಬೇರೆ ಬೇರೆ ಬಿಗಿಯ ಹಲವು ಕೋಲುಗಳನ್ನು ಅವನು ತನ್ನ ಜೊತೆಗೆ ಒಯ್ಯಲೇಬೇಕು. ಅವು ಮಡಿಸಲು ಬರುವಂಥವಲ್ಲ, ಚೀಲದಲ್ಲಿ ಹಿಡಿಯುವಂಥವಲ್ಲ. ಇದು ಆಡಂಬರವಲ್ಲ, ಅವಶ್ಯಕತೆ.

ಈ ಆಟದ ಪರಮಾವಧಿಯನ್ನು ಜಗತ್ತು ೨೦೨೫ರ ಸೆಪ್ಟೆಂಬರ್ ೧೫ರಂದು ಟೋಕಿಯೋ ನಗರದಲ್ಲಿ ಕಂಡಿತು. ಅಂದು ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ಪಿನ ಪುರುಷರ ಕೋಲುನೆಗೆತದ ಅಂತಿಮ ಸ್ಪರ್ಧೆ. ಗ್ರೀಸ್ ದೇಶದ ಎಮ್ಮಾನೂಯಿಲ್ ಕರಾಲಿಸ್ ೬.೦೦ ಮೀಟರ್ ದಾಟಿ ಎರಡನೆಯವರಾದರು. ಆಸ್ಟ್ರೇಲಿಯದ ಕರ್ಟಿಸ್ ಮಾರ್ಷಲ್ ಮತ್ತು ಅಮೆರಿಕದ ಸ್ಯಾಮ್ ಕೆಂಡ್ರಿಕ್ಸ್ ಇಬ್ಬರೂ ೫.೯೫ ಮೀಟರ್ ದಾಟಿದರು. ತಪ್ಪುಗಳ ಲೆಕ್ಕದಲ್ಲಿ ಪದಕವು ಮಾರ್ಷಲ್ ಅವರ ಪಾಲಿಗೆ ಬಂದಿತು. ಸ್ವೀಡನ್ನಿನ ಆರ್ಮಾಂಡ್ ಡುಪ್ಲಾಂಟಿಸ್ ಇವರೆಲ್ಲರನ್ನೂ ಹಿಂದೆ ಹಾಕಿ, ಗೆಲುವು ಕೈಸೇರಿದ ಮೇಲೆಯೂ ಸುಮ್ಮನಿರದೆ, ಪಟ್ಟಿಯನ್ನು ೬.೩೦ ಮೀಟರಿಗೆ ಏರಿಸಿದರು. ಎರಡು ಸಲ ತಪ್ಪಿದರು. ಮೂರನೆಯ ಸಲ ದಾಟಿದರು. ಇಪ್ಪತ್ತು ಅಡಿಗೂ ಮೀರಿದ ಎತ್ತರ! ಅವರು ವಿಶ್ವದಾಖಲೆಯನ್ನು ಸ್ಥಾಪಿಸಿದುದು ಅದು ಹದಿನಾಲ್ಕನೆಯ ಸಲವಾಗಿತ್ತು.

ಇದನ್ನು ಕೇವಲ ಒಬ್ಬ ಅಸಾಧಾರಣ ಪುರುಷನ ಪವಾಡವೆಂದು ಬಗೆದು ಕೈಕಟ್ಟಿ ಕುಳಿತರೆ ನಾವು ಪಾಠವನ್ನು ಕಲಿತಂತಾಗುವುದಿಲ್ಲ. ಡುಪ್ಲಾಂಟಿಸ್ ಅವರ ತಂದೆಯೂ ಕೋಲುನೆಗೆತದ ಪಟು. ಅಮೆರಿಕದ ಲೂಯಿಸಿಯಾನಾ ಪ್ರಾಂತದಲ್ಲಿದ್ದ ಅವರ ಮನೆಯ ಹಿತ್ತಿಲಿನಲ್ಲಿಯೇ ಓಟದ ದಾರಿ, ಊರುವ ಗುಂಡಿ, ಬೀಳುವ ಮೆತ್ತೆ ಎಲ್ಲವೂ ಸಿದ್ಧವಾಗಿದ್ದವು. ಬೇರೆ ಮಕ್ಕಳು ಹಿತ್ತಿಲಿನಲ್ಲಿ ಚೆಂಡಾಡುವ ವಯಸ್ಸಿನಲ್ಲಿ ಆ ಬಾಲಕನು ಕೋಲು ಹಿಡಿದು ನೆಗೆಯುತ್ತಿದ್ದನು. ಅಂಥ ಹಿತ್ತಿಲು ಪ್ರತಿಯೊಬ್ಬ ಬಾಲಕನಿಗೂ ದೊರೆಯಲಾರದು. ಆದರೆ ಒಂದು ನಗರಕ್ಕೆ, ಒಂದು ಜಿಲ್ಲೆಗೆ, ಒಂದು ವಿಶ್ವವಿದ್ಯಾಲಯಕ್ಕೆ ಅಂಥ ಹಿತ್ತಿಲೊಂದು ಇರಲಾರದೆ? ತಂದೆಯು ಮಗನಿಗೆ ಮಾಡಿಕೊಟ್ಟುದನ್ನು ನಾಡು ತನ್ನ ಮಕ್ಕಳಿಗೆ ಮಾಡಿಕೊಡಬಾರದೆ?

ಈ ಕೋಲು ಹೊರನಾಡಿನ ವಸ್ತು, ಇದು ನಮಗೆ ಒಗ್ಗುವುದಿಲ್ಲ ಎಂದು ಹೇಳುವವರು ಉಂಟು. ಅವರಿಗೆ ಚರಿತ್ರೆಯೇ ಉತ್ತರ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಜಗತ್ತಿನ ಶ್ರೇಷ್ಠ ಪಟುಗಳೆಲ್ಲ ಹಿಡಿದದ್ದು ಬಿದಿರಿನ ಕೋಲನ್ನು. ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ೧೯೪೦ರಲ್ಲಿ ಮನುಷ್ಯಮಾತ್ರದವರಲ್ಲಿ ಮೊಟ್ಟಮೊದಲಿಗರಾಗಿ ಹದಿನೈದು ಅಡಿಗಳ ಎತ್ತರವನ್ನು ದಾಟಿದುದು ಬಿದಿರಿನಿಂದಲೇ, ೧೯೪೨ರಲ್ಲಿ ೪.೭೭ ಮೀಟರಿನವರೆಗೆ ಏರಿದುದೂ ಬಿದಿರಿನಿಂದಲೇ. ಬಿದಿರು ನಮ್ಮ ಮಲೆನಾಡಿನ ಮೆಳೆಗಳಲ್ಲಿ ತಾನಾಗಿ ಬೆಳೆಯುತ್ತದೆ. ಗಳದ ತುದಿಯೇರಿ ಮೈಯನ್ನು ಚಕ್ರದಂತೆ ತಿರುಗಿಸುವ ದೊಂಬರಾಟವನ್ನು ನಮ್ಮ ಊರುಗಳ ಸಂತೆಮಾಳಗಳು ತಲೆಮಾರುಗಳಿಂದ ಕಂಡಿವೆ. ಗರಡಿಯ ಮಣ್ಣು, ಮಲ್ಲಕಂಬದ ಸಾಧನೆ, ಹಳ್ಳಿಯ ಹುಡುಗರ ಮರಗಾಲಿನ ಓಡಾಟ, ಇವೆಲ್ಲ ನಮ್ಮವು. ಧೈರ್ಯದಲ್ಲಿಯಾಗಲಿ ಮೈಯ ಚಾಪಲ್ಯದಲ್ಲಿಯಾಗಲಿ ನಮ್ಮ ತರುಣರು ಯಾರಿಗೂ ಕಡಮೆಯಾದವರಲ್ಲ. ಕಡಮೆಯಾದುದು ಬೇರೆ.

ಅದು ಏನೆಂಬುದನ್ನು ನಮ್ಮ ಏಷ್ಯ ಖಂಡದವರೇ ಆದ ಜಪಾನೀಯರು ತೋರಿಸಿಕೊಟ್ಟರು. ೧೯೩೬ರ ಆಗಸ್ಟ್ ೫ರಂದು ಬರ್ಲಿನ್ ಒಲಿಂಪಿಕ್ಸಿನಲ್ಲಿ ಕೋಲುನೆಗೆತದ ಸ್ಪರ್ಧೆ ಕತ್ತಲಾಗುವವರೆಗೂ ನಡೆದು, ದೀಪಗಳ ಬೆಳಕಿನಲ್ಲಿ ಮುಗಿಯಿತು. ಅಮೆರಿಕದ ಅರ್ಲ್ ಮೆಡೋಸ್ ೪.೩೫ ಮೀಟರ್ ದಾಟಿ ಗೆದ್ದರು. ಶೂಹೇ ನಿಶಿದಾ, ಸುಯೆಓ ಓಯೆ ಎಂಬ ಇಬ್ಬರು ಜಪಾನೀ ತರುಣರು ೪.೨೫ ಮೀಟರಿನಲ್ಲಿ ಸಮನಾಗಿ ನಿಂತರು. ತಮ್ಮೊಳಗೆ ಮತ್ತೆ ಸ್ಪರ್ಧಿಸಲು ಅವರು ಒಪ್ಪಲಿಲ್ಲ. ಆ ಎತ್ತರವನ್ನು ಮೊದಲ ಯತ್ನದಲ್ಲಿಯೇ ದಾಟಿದ್ದ ನಿಶಿದಾ ಅವರಿಗೆ ಬೆಳ್ಳಿ, ಎರಡನೆಯ ಯತ್ನದಲ್ಲಿ ದಾಟಿದ್ದ ಓಯೆ ಅವರಿಗೆ ಕಂಚು ಎಂದು ತೀರ್ಮಾನವಾಯಿತು. ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಇಬ್ಬರೂ ತಮ್ಮ ಪದಕಗಳನ್ನು ನಡುವೆ ಕತ್ತರಿಸಿ, ಬೆಳ್ಳಿಯ ಅರ್ಧವನ್ನು ಕಂಚಿನ ಅರ್ಧಕ್ಕೆ ಬೆಸೆಯಿಸಿ, ಒಂದೊಂದನ್ನು ಇಟ್ಟುಕೊಂಡರು. ಓಯೆ ಅವರು ೧೯೪೧ರಲ್ಲಿ ಯುದ್ಧದಲ್ಲಿ ಮಡಿದರು. ಸ್ನೇಹದ ಪದಕವೆಂದು ಜಗತ್ತು ಇಂದಿಗೂ ಅದನ್ನು ಕೊಂಡಾಡುತ್ತದೆ.

ಸ್ನೇಹದ ಕಥೆಯನ್ನು ಎಲ್ಲರೂ ಹೇಳುತ್ತಾರೆ; ಅದರ ಹಿಂದಿನ ಇನ್ನೊಂದು ಸಂಗತಿಯನ್ನು ಗಮನಿಸುವವರು ಕಡಮೆ. ನಿಶಿದಾ ವಾಸೆದಾ ವಿಶ್ವವಿದ್ಯಾಲಯದವರು, ಓಯೆ ಕೇಯೋ ವಿಶ್ವವಿದ್ಯಾಲಯದವರು. ನಿಶಿದಾ ೧೯೩೨ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿಯೂ ೪.೩೦ ಮೀಟರ್ ದಾಟಿ ಎರಡನೆಯವರಾಗಿದ್ದರು. ಎಂದರೆ, ಜಪಾನಿನ ಯಶಸ್ಸು ಆಕಸ್ಮಿಕವಾಗಿ ಆಕಾಶದಿಂದ ಉದುರಿದ್ದಲ್ಲ. ತಮ್ಮ ನೆಲದ ಬಿದಿರನ್ನು ತಮ್ಮ ವಿದ್ಯಾಲಯಗಳ ಬಯಲಿಗೆ ತಂದು, ಅಲ್ಲಿ ತರುಣರನ್ನು ಪಳಗಿಸಿದುದರ ಫಲವದು. ಬಿದಿರು ನಮ್ಮಲ್ಲಿಯೂ ಇತ್ತು, ತರುಣರು ನಮ್ಮಲ್ಲಿಯೂ ಇದ್ದರು. ಇವೆರಡನ್ನೂ ಕೂಡಿಸುವ ಬಯಲು ನಮ್ಮಲ್ಲಿರಲಿಲ್ಲ.

ಇದೇ ನಿಶಿದಾ ೧೯೫೧ರಲ್ಲಿ ನಮ್ಮ ದೆಹಲಿಗೆ ಬಂದರು. ಸ್ವತಂತ್ರ ಭಾರತವು ಆತಿಥ್ಯ ವಹಿಸಿದ ಮೊದಲನೆಯ ಏಷ್ಯನ್ ಕ್ರೀಡಾಕೂಟದ ಕೋಲುನೆಗೆತದಲ್ಲಿ ಜಪಾನಿನ ಬುಂಕಿಚಿ ಸವಾದಾ ೪.೧೧ ಮೀಟರ್ ದಾಟಿ ಬಂಗಾರ ಗೆದ್ದರು. ನಲವತ್ತರ ವಯಸ್ಸಿನ ನಿಶಿದಾ ಕಂಚಿನ ಪದಕ ಪಡೆದರು. ಒಬ್ಬನೇ ಪಟು ಎರಡು ದಶಕಗಳ ಕಾಲ ಅದೇ ಕೋಲನ್ನು ನಂಬಿ ಬಾಳಬಲ್ಲಂಥ ವ್ಯವಸ್ಥೆ ಆ ದೇಶದಲ್ಲಿತ್ತು. ನಮ್ಮ ಕಣ್ಣೆದುರಿನಲ್ಲಿಯೇ ಈ ಪಾಠ ನಡೆಯಿತು. ಆದರೆ ಅದನ್ನು ನಾವು ಬರೆದುಕೊಳ್ಳಲಿಲ್ಲ.

ಆಮೇಲೆ ಕಾಲ ಬದಲಾಯಿತು. ಬಿದಿರಿನ ಸ್ಥಾನಕ್ಕೆ ಉಕ್ಕು, ಅಲ್ಯುಮಿನಿಯಂ ಬಂದವು. ಅನಂತರ ಗಾಜಿನ ನಾರಿನಿಂದ ಮಾಡಿದ, ಬಿಲ್ಲಿನಂತೆ ಬಾಗುವ ಕೋಲು ಬಂದಿತು. ೧೯೬೪ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಅಮೆರಿಕದ ಫ್ರೆಡ್ ಹ್ಯಾನ್ಸನ್ ಅಂಥ ಕೋಲಿನಿಂದ ೫.೧೦ ಮೀಟರ್ ದಾಟಿ ಗೆದ್ದರು. ಈಗ ನಮ್ಮ ಲೆಕ್ಕವನ್ನು ನೋಡೋಣ. ಭಾರತದ ವಿಜಯ್‌ಪಾಲ್ ಸಿಂಗ್ ಅದೇ ೫.೧೦ ಮೀಟರನ್ನು ದಾಟಿದುದು ೧೯೮೭ರಲ್ಲಿ. ಆ ದಾಖಲೆ ಸುಮಾರು ಮೂರು ದಶಕ ಅಲುಗಾಡದೆ ನಿಂತಿತು. ಆಮೇಲೆ ತಮಿಳುನಾಡಿನ ಶಿವ ಸುಬ್ರಮಣಿ ಅದನ್ನು ಮುರಿದು, ೨೦೨೨ರ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ೫.೩೧ ಮೀಟರಿಗೆ ಒಯ್ದರು. ೨೦೨೫ರ ಫೆಬ್ರವರಿಯಲ್ಲಿ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಮಧ್ಯಪ್ರದೇಶದ ದೇವ್ ಮೀನಾ ೫.೩೨ ಮೀಟರ್ ದಾಟಿ ಅದನ್ನೂ ಮೀರಿದರು. ಮಧ್ಯಪ್ರದೇಶದ ಸರಕಾರವು ಭೋಪಾಲದಲ್ಲಿ ನಡೆಸುವ ಕ್ರೀಡಾ ಅಕಾಡೆಮಿಯಲ್ಲಿ ಪಳಗಿದ ತರುಣರು ಇವರು. ಒಂದು ಪ್ರಾಂತದ ಸರಕಾರ ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಾಗಿಲ್ಲ.

ಬಿಸಿಲಿನ ದೇಶ, ಬಡವರ ದೇಶ, ನಮ್ಮಿಂದಾದೀತೆ ಎಂದು ಸಂಶಯಪಡುವವರು ಫಿಲಿಪ್ಪೀನ್ಸ್ ದೇಶದ ಕಡೆಗೆ ದೃಷ್ಟಿ ಹರಿಸಬೇಕು. ಅಲ್ಲಿಯ ಈ. ಜೆ. ಒಬಿಯೇನಾ ಎಂಬವರು ೨೦೨೩ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ೬.೦೦ ಮೀಟರ್ ದಾಟಿ ಬೆಳ್ಳಿಯ ಪದಕ ಪಡೆದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ೫.೯೦ ಮೀಟರ್ ದಾಟಿ ಬಂಗಾರ ಗೆದ್ದರು. ಅವರ ತಂದೆಯೂ ಈ ಆಟದವರೇ. ಮಗನಿಗೆ ಮೊದಲ ಪಾಠ ಹೇಳಿದವರು ಅವರೇ. ಮುಂದೆ ವಿಶ್ವವಿಖ್ಯಾತ ಸೆರ್ಗೆಯ್ ಬುಬ್ಕಾ ಅವರನ್ನು ತಿದ್ದಿದ ವಿತಾಲಿ ಪೆಟ್ರೋವ್ ಅವರ ಬಳಿಗೆ, ಇಟಲಿಗೆ, ಅವರು ಕಲಿಯಲು ಹೋದರು. ಹವೆ ನಮ್ಮದರಂತೆಯೇ, ಜನ ನಮ್ಮವರಂತೆಯೇ. ಆದರೆ ಬಲ್ಲ ಗುರುವೂ ತಕ್ಕ ಸಾಧನವೂ ದೊರೆತಾಗ ಅರ್ಧ ಮೀಟರಿಗೂ ಮಿಗಿಲಾದ ಅಂತರ ಬಿದ್ದಿತು.

ಕೋಲು ಕೈತಪ್ಪಿದರೆ ಏನಾಗುತ್ತದೆಂಬುದನ್ನು ದೊಡ್ಡ ದೇಶಗಳೂ ಅನುಭವಿಸಿವೆ. ೧೮೯೬ರಿಂದ ೧೯೬೮ರವರೆಗೆ ಒಲಿಂಪಿಕ್ಸಿನ ಕೋಲುನೆಗೆತದಲ್ಲಿ ಅಮೆರಿಕದವರಿಗೆ ಸೋಲೆಂಬುದೇ ಇರಲಿಲ್ಲ. ೧೯೭೨ರ ಮ್ಯೂನಿಕ್ ಕೂಟದಲ್ಲಿ ಅವರ ಬಾಬ್ ಸೀಗ್ರೆನ್ ತಾವು ಪಳಗಿಸಿಕೊಂಡಿದ್ದ ಕೋಲನ್ನು ಬಳಸಬಾರದೆಂದು ಅಧಿಕಾರಿಗಳು ತಡೆದರು. ಅಪರಿಚಿತವಾದ ಕೋಲಿನಿಂದ ಅವರು ೫.೪೦ ಮೀಟರಿನಲ್ಲಿ ನಿಂತರು. ಪೂರ್ವ ಜರ್ಮನಿಯ ವೋಲ್ಫ್‌ಗಾಂಗ್ ನಾರ್ಡ್‌ವಿಗ್ ೫.೫೦ ಮೀಟರ್ ದಾಟಿ ಬಂಗಾರ ಒಯ್ದರು. ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಬ್ರೆಜಿಲಿನ ಮಹಿಳಾ ಪಟು ಫಾಬಿಯಾನಾ ಮುರೇರ್ ಅವರ ಕೋಲೊಂದು ಸ್ಪರ್ಧೆಯ ಹೊತ್ತಿನಲ್ಲಿ ಕಾಣೆಯಾಗಿ, ಅವರ ಶ್ರಮವೆಲ್ಲ ನೀರಿನಲ್ಲಿ ಹೋಮಮಾಡಿದಂತಾಯಿತು. ಕಣದೊಳಗೆ ಹೀಗಾದರೆ ಜಗತ್ತೆಲ್ಲ ಕೂಗುತ್ತದೆ. ಕಣದ ಹೊರಗೆ, ರೈಲು ನಿಲ್ದಾಣದ ಕಟ್ಟೆಯ ಮೇಲೆ, ಹೀಗಾದರೆ ಕೇಳುವವರಾರು?

ನಮ್ಮ ಬೆಂಗಳೂರಿನ ತರುಣ ಹೆನ್ರಿ ರೆಬೆಲ್ಲೋ ಅವರ ಕಥೆಯನ್ನು ಹಿರಿಯರು ಇನ್ನೂ ಮರೆತಿರಲಾರರು. ಅವರ ಆಟ ಕೋಲುನೆಗೆತವಲ್ಲ, ಮೂರು ಹೆಜ್ಜೆಯ ಜಿಗಿತ. ೧೯೪೮ರಲ್ಲಿ ಲಖನೌ ನಗರದಲ್ಲಿ ಅವರು ೫೦ ಅಡಿ ೨ ಅಂಗುಲ, ಎಂದರೆ ೧೫.೨೯ ಮೀಟರ್, ಜಿಗಿದಿದ್ದರು. ಆ ವರ್ಷದ ಲಂಡನ್ ಒಲಿಂಪಿಕ್ಸಿನಲ್ಲಿ ಬಂಗಾರಕ್ಕೆ ಸಂದುದು ೧೫.೪೦ ಮೀಟರ್, ಕಂಚಿಗೆ ಸಂದುದು ಸುಮಾರು ೧೫.೦೨ ಮೀಟರ್. ಲೆಕ್ಕ ಸ್ಪಷ್ಟವಾಗಿದೆ. ಆದರೆ ಅಂತಿಮ ಸ್ಪರ್ಧೆಯಲ್ಲಿ ಅವರು ಮೈಕಾಯಿಸಿಕೊಂಡು ಜಿಗಿಯಲು ಸಿದ್ಧವಾಗಿ ನಿಂತಿದ್ದಾಗ, ಬಹುಮಾನ ವಿತರಣೆಯ ಸಲುವಾಗಿ ಅವರನ್ನು ತಡೆದು ನಿಲ್ಲಿಸಲಾಯಿತು. ಚಳಿಗಾಳಿಯಲ್ಲಿ ನಿಂತು ಮೈ ತಣ್ಣಗಾದ ಮೇಲೆ ಅವರು ಓಡಿಬಂದು ಜಿಗಿದರು. ತೊಡೆಯ ಸ್ನಾಯು ಹರಿಯಿತು. ನಾಡಿನ ಆಸೆಯೊಂದು ಅಲ್ಲಿಯೇ ಕುಸಿಯಿತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆದರೂ ಕ್ರೀಡಾಪಟುವಿನ ಭಾಗ್ಯವು ಅವನ ಬಲದಿಂದ ಮಾತ್ರ ನಿರ್ಣಯವಾಗುವುದಿಲ್ಲ, ಅವನ ಸುತ್ತಲಿನವರು ಚಿಕ್ಕ ವಿಷಯಗಳಲ್ಲಿ ವಹಿಸುವ ಎಚ್ಚರದಿಂದಲೂ ನಿರ್ಣಯವಾಗುತ್ತದೆ ಎಂಬುದನ್ನು ಇದು ಮನಗಾಣಿಸುತ್ತದೆ.

ಉಣ್ಣಲು ಉಡಲು ಇಲ್ಲದವರು ಇನ್ನೂ ಇರುವ ನಾಡಿನಲ್ಲಿ ಇಂಥ ದುಬಾರಿ ಆಟಕ್ಕೆ ಸಾರ್ವಜನಿಕ ಹಣವೇಕೆಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹೊರದೇಶದಿಂದ ತರಿಸುವ ಕೋಲುಗಳು ಅಗ್ಗವಲ್ಲ. ಬೀಳುವ ಮೆತ್ತೆಯೂ ಅಗ್ಗವಲ್ಲ. ಆದರೆ ಅದೇ ಕಾರಣದಿಂದಲೇ ಇದು ಸಾರ್ವಜನಿಕರ ಹೊಣೆಯಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಓಡುವುದಕ್ಕೆ ಬಡವನ ಮಗನಿಗೆ ಕಾಲುಗಳು ಸಾಕು; ಕುಸ್ತಿಗೆ ಗರಡಿಯ ಮಣ್ಣು ಸಾಕು. ಕೋಲುನೆಗೆತಕ್ಕೆ ಮಾತ್ರ ತನ್ನದಲ್ಲದ ವಸ್ತು ಬೇಕು. ಅದನ್ನು ನಾಡು ಒದಗಿಸದಿದ್ದರೆ ಶ್ರೀಮಂತರ ಮಕ್ಕಳು ಮಾತ್ರ ನೆಗೆದಾರು. ಬಡವರ ಮಕ್ಕಳು ನೆಲದಲ್ಲಿಯೇ ಉಳಿದಾರು. ಊರಿನ ಗ್ರಂಥಭಂಡಾರಕ್ಕೆ ಸಾರ್ವಜನಿಕ ಹಣ ಕೊಡುವುದು ಏತಕ್ಕೆ? ಪುಸ್ತಕ ಕೊಳ್ಳಲಾರದವನೂ ಓದಲಿ ಎಂದಲ್ಲವೆ? ಕೋಲಿನ ವಿಷಯದಲ್ಲಿಯೂ ನ್ಯಾಯ ಅದೇ.

ಈ ಮಾತಿಗೆ ತಲಘಟ್ಟಪುರವೇ ಸಾಕ್ಷಿ. ಅಲ್ಲಿ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಿದೆ. ಮೆಟ್ರೋ ಮಾರ್ಗದ ಕೊನೆಯ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆಯೆಂಬ ಹೆಸರೇ ಬಂದಿದೆ. ರೇಷ್ಮೆಯೂ ಒಂದು ಕಾಲದಲ್ಲಿ ನಮಗೆ ಹೊರನಾಡಿನ ವಿದ್ಯೆಯೇ. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ಮೈಸೂರು ಸೀಮೆಯಲ್ಲಿ ಬೇರೂರಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಷೇಟ್‌ಜಿ ಟಾಟಾ ಅವರು ಜಪಾನಿನ ತಜ್ಞರ ನೆರವಿನಿಂದ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ರೇಷ್ಮೆಯ ತೋಟವನ್ನು ನಡೆಸಿದರು. ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರಿನಲ್ಲಿ ಅದರ ನೆನಪು ಉಳಿದಿದೆ. ಸರಕಾರ ಮೊಟ್ಟೆ ಒದಗಿಸಿತು, ಹಿಪ್ಪುನೇರಳೆಯ ತಳಿಗಳನ್ನು ಪರೀಕ್ಷಿಸಿತು, ರೈತನಿಗೆ ತರಬೇತಿ ಕೊಟ್ಟಿತು, 'ಗೂಡನ್ನು ಎಲ್ಲಿ ಮಾರಲಿ?' ಎಂದು ಕೇಳಿದವನಿಗೆ ಮಾರುಕಟ್ಟೆ ತೋರಿಸಿತು. ಹೀಗೆ ಮೊಟ್ಟೆಯಿಂದ ನೂಲಿನವರೆಗೆ ಒಬ್ಬರ ಹಿಂದೆ ಒಬ್ಬರು ನಿಂತುದರಿಂದಲೇ ಕರ್ನಾಟಕವು ರೇಷ್ಮೆಯಲ್ಲಿ ಭಾರತಕ್ಕೆ ಮೊದಲಿನದಾಯಿತು. ಜಪಾನೀಯರಿಂದ ರೇಷ್ಮೆಯ ವಿದ್ಯೆಯನ್ನು ಕಲಿಯಲು ನಾಚದ ನಾವು, ಬಿದಿರಿನ ಕೋಲಿನಿಂದ ಅವರು ಕಲಿಸಿದ ಪಾಠವನ್ನು ಕಲಿಯಲು ಏಕೆ ಹಿಂದೆಗೆಯಬೇಕು?

ನಗರದಲ್ಲಿ ಏನೂ ಇಲ್ಲವೆಂದು ನಾವು ಹೇಳುವುದಿಲ್ಲ. ೧೯೯೭ರ ರಾಷ್ಟ್ರೀಯ ಕ್ರೀಡಾಕೂಟವನ್ನು ಕಂಡ ಶ್ರೀ ಕಂಠೀರವ ಕ್ರೀಡಾಂಗಣವಿದೆ. ಅಲ್ಲಿ ೨೦೨೫ರ ಜುಲೈ ೫ರಂದು ನೀರಜ್ ಚೋಪ್ರಾ ಅವರ ಹೆಸರಿನ ಅಂತರರಾಷ್ಟ್ರೀಯ ಈಟಿ ಎಸೆತದ ಕೂಟ ನಡೆದಾಗ ಬೆಂಗಳೂರಿನ ಜನ ಕಿಕ್ಕಿರಿದು ನೆರೆದರು, ೮೬.೧೮ ಮೀಟರ್ ಎಸೆದು ಅವರೇ ಗೆದ್ದರು. ಈಟಿಯೂ ಉದ್ದವಾದ, ದುಬಾರಿಯಾದ, ನಮ್ಮ ಬಾಲಕರಿಗೆ ಅಪರಿಚಿತವಾಗಿದ್ದ ವಸ್ತುವೇ. ಅದನ್ನು ನಾಡು ತನ್ನದಾಗಿ ಮಾಡಿಕೊಂಡಿತು. ಕೋಲುನೆಗೆತದಲ್ಲಿಯೂ ಕರ್ನಾಟಕದ ಹೆಸರು ಪೂರ್ತಿ ಇಲ್ಲದೆ ಇಲ್ಲ. ಖ್ಯಾತಿ ವಖಾರಿಯಾ ಅವರಂಥ ಮಹಿಳೆಯರು ನಮ್ಮ ರಾಜ್ಯದ ಪರವಾಗಿ ರಾಷ್ಟ್ರೀಯ ಕೂಟಗಳಲ್ಲಿ ಕೋಲು ಹಿಡಿದಿದ್ದಾರೆ. ಆದರೆ ತಲಘಟ್ಟಪುರದ ಬಾಲಕನೊಬ್ಬನು ನಾಳೆ ಕೋಲುನೆಗೆತವನ್ನು ಕಲಿಯಬೇಕೆಂದು ಹೊರಟರೆ, ಮೂರಾಳುದ್ದದ ಕೋಲನ್ನು ಹೆಗಲ ಮೇಲೆ ಹೊತ್ತು, ಯಾವ ಬಸ್ಸನ್ನು ಹತ್ತಬೇಕು, ಯಾವ ರೈಲನ್ನು ಹತ್ತಬೇಕು? ಕಲಿಯುವ ಸ್ಥಳವು ಅವನ ಬಳಿಗೆ ಬರಬೇಕೇ ಹೊರತು ಅವನು ಕೋಲನ್ನು ಹೊತ್ತು ನಗರವನ್ನು ಸುತ್ತಲಾರನು.

ಆದುದರಿಂದ ಸಂಬಂಧಪಟ್ಟವರ ಮುಂದೆ ಕೆಲವು ಸೂಚನೆಗಳನ್ನು ವಿನಯದಿಂದ ಇಡುತ್ತೇವೆ. ಮೊದಲನೆಯದು ರೈಲ್ವೆಯವರಿಗೆ. ಅಂಗೀಕೃತ ಸಂಸ್ಥೆಯ ಅಥವಾ ವಿಶ್ವವಿದ್ಯಾಲಯದ ಒಂದು ಪತ್ರವಿದ್ದರೆ, ಸರಿಯಾಗಿ ಸುತ್ತಿ ಕಟ್ಟಿದ ಕೋಲುಗಳನ್ನು ಅದೇ ಗಾಡಿಯಲ್ಲಿ, ಗೊತ್ತಾದ ಸ್ಥಳದಲ್ಲಿ, ಗೊತ್ತಾದ ದರಕ್ಕೆ ಒಯ್ಯಬಹುದೆಂದು ಸ್ಪಷ್ಟವಾದ ಆಜ್ಞೆ ಹೊರಡಬೇಕು. ಅದರ ಪ್ರತಿ ಪ್ರತಿಯೊಂದು ದೊಡ್ಡ ನಿಲ್ದಾಣದಲ್ಲಿಯೂ ಇರಬೇಕು. ಇದಕ್ಕೆ ಬೊಕ್ಕಸದಿಂದ ಖರ್ಚಾಗತಕ್ಕ ಹಣ ಅತ್ಯಲ್ಪ; ಬೇಕಾದುದು ಒಂದು ಹಾಳೆ ಕಾಗದ ಮತ್ತು ಒಂದು ರುಜು. ಎರಡನೆಯದು ನಮ್ಮ ರಾಜ್ಯದ ಕ್ರೀಡಾ ಇಲಾಖೆಗೂ ವಿಶ್ವವಿದ್ಯಾಲಯಗಳಿಗೂ. ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡಗಳಲ್ಲಿ ಬೇರೆ ಬೇರೆ ಬಿಗಿಯ ಕೋಲುಗಳ ಭಂಡಾರವನ್ನು ಸ್ಥಾಪಿಸಿ, ಪುಸ್ತಕದಂತೆ ಕಲಿಯುವವರಿಗೆ ಎರವಲು ಕೊಡಬೇಕು. ಬಾಲಕನು ಬೆಳೆದಂತೆ ಕೋಲು ಬದಲಾಗಬೇಕು; ಪ್ರತಿಯೊಂದು ಮನೆಯವರೂ ವರ್ಷಕ್ಕೊಂದು ಕೊಳ್ಳಲಾಗದು.

ಮೂರನೆಯದಾಗಿ, ನಗರದ ದಕ್ಷಿಣ ಭಾಗದಲ್ಲಿ, ಸಾಧ್ಯವಾದರೆ ತಲಘಟ್ಟಪುರದಂಥ ಅಂಚಿನ ಸ್ಥಳದಲ್ಲಿಯೇ, ಓಟದ ದಾರಿ, ಊರುವ ಗುಂಡಿ, ಮಳೆಬಿಸಿಲಿಗೆ ಕೆಡದಂತೆ ಮಾಡಿನಡಿಯಲ್ಲಿಟ್ಟ ಮೆತ್ತೆ, ಇಷ್ಟು ಉಳ್ಳ ಒಂದು ಕಣ ಬೇಕು. ಮೆತ್ತೆ ಹರಿದು ಹೋದ ಮೇಲೆ ಹೊಸದಕ್ಕೆ ಅರ್ಜಿ ಬರೆಯುವ ಪದ್ಧತಿ ಸಾಲದು. ಈ ಆಟದಲ್ಲಿ ಕೆಟ್ಟ ಮೆತ್ತೆಯೆಂದರೆ ಮುರಿದ ಮೂಳೆ. ನಾಲ್ಕನೆಯದಾಗಿ, ಶಾಲೆಗಳ ವ್ಯಾಯಾಮದ ಉಪಾಧ್ಯಾಯರಲ್ಲಿ ಕೆಲವರನ್ನಾದರೂ ಆರಿಸಿ ಈ ವಿದ್ಯೆಯಲ್ಲಿ ತರಬೇತು ಕೊಡಿಸಬೇಕು. ಗುರುವಿಲ್ಲದೆ ಕೋಲು ಕೊಡುವುದು ಅಪಾಯ. ಗುರುವಿದ್ದರೆ ಮರಳಿನ ಮೇಲೆ, ತಗ್ಗಿನ ಎತ್ತರದಲ್ಲಿ, ಓಟವನ್ನೂ ಊರುವುದನ್ನೂ ಚಿಕ್ಕ ಮಕ್ಕಳಿಗೂ ನಿರ್ಭಯವಾಗಿ ಕಲಿಸಬಹುದು. ಹಿಂದೆ ಗರಡಿಗಳಿಗೆ ಊರಿನ ವರ್ತಕರು ಎಣ್ಣೆ ಹಾಲುಗಳನ್ನು ಕೊಟ್ಟು ಪೋಷಿಸುತ್ತಿದ್ದಂತೆ, ಇಂದಿನ ವರ್ತಕರೂ ಕಾರಖಾನೆಗಳ ಒಡೆಯರೂ ಒಂದೊಂದು ಕೋಲಿನ ಖರ್ಚನ್ನು ವಹಿಸಿಕೊಂಡರೆ ಅವರ ಕೀರ್ತಿಗೆ ಕುಂದು ಬಾರದು.

ಇಷ್ಟು ಮಾಡಿದರೆ ನಾಳೆಯೇ ವಿಶ್ವ ಚಾಂಪಿಯನ್‌ಷಿಪ್ಪಿನ ಪದಕ ಕನ್ನಡಿಗನ ಕೊರಳಿಗೆ ಬೀಳುತ್ತದೆಂದು ನಾವು ಭರವಸೆ ಕೊಡಲಾರೆವು. ಕೋಲುನೆಗೆತದಲ್ಲಿ ಪ್ರತಿಯೊಬ್ಬನ ಸ್ಪರ್ಧೆಯೂ, ಗೆದ್ದವನದೂ ಸಹ, ಬಹುಮಟ್ಟಿಗೆ ಬೀಳುವ ಪಟ್ಟಿಯಿಂದಲೇ ಮುಗಿಯುತ್ತದೆ. ಆರು ಸಲ ವಿಶ್ವ ಚಾಂಪಿಯನ್ನರಾದ ಬುಬ್ಕಾ ಅವರಂಥವರೂ ೧೯೯೨ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಒಂದು ಎತ್ತರವನ್ನೂ ದಾಟಲಾರದೆ ಹಿಂದಿರುಗಿದರು. ಸೋಲು ಈ ಆಟದ ಧರ್ಮ. ಅದಕ್ಕೆ ಯಾರೂ ನಾಚಬೇಕಾಗಿಲ್ಲ. ಪಟ್ಟಿಯ ಎದುರಿಗೆ ನಿಂತು ಸೋತವನಿಗೆ ನಾವು ಚಪ್ಪಾಳೆ ತಟ್ಟೋಣ. ಆದರೆ ಪಟ್ಟಿಯವರೆಗೆ ಹೋಗಲೇ ಆಗದೆ, ನಿಲ್ದಾಣದ ಕಟ್ಟೆಯ ಮೇಲೆ ಕೋಲನ್ನು ಕಾಯುತ್ತ ಕುಳಿತವನ ಸೋಲು ಅವನದಲ್ಲ, ನಮ್ಮದು.

ಕನಕಪುರದ ರಸ್ತೆಯಲ್ಲಿ ಹೋಗುವ ಗಳಗಳಿಗೆ ಯಾರೋ ಒಬ್ಬ ಕೂಲಿಕಾರನು ಎರಡು ಬೆರಳಗಲದ ಕೆಂಪು ಬಟ್ಟೆ ಕಟ್ಟುತ್ತಾನೆ. ಉದ್ದವಾದ ವಸ್ತುವನ್ನು ಕ್ಷೇಮವಾಗಿ ಮುಟ್ಟಿಸಬೇಕಾದರೆ ಇಷ್ಟು ಎಚ್ಚರ ಸಾಕೆಂಬುದನ್ನು ಅವನು ಬಲ್ಲ. ಅವನಿಗಿರುವ ವಿವೇಕ ನಮ್ಮ ಕಚೇರಿಗಳಿಗೂ ಬರಲೆಂದು ಹಾರೈಸುತ್ತೇವೆ.